ಪ್ರಶ್ನಾರ್ಥಕ ಚಿಹ್ನೆಯಾದ ಸದಸ್ಯರು

ಕಳೆದ ಸಾಲಿನ ವಾರ್ಷಿಕ ಮಹಾಸಭೆಯ ದಿನ ಸಭಾಭವನದ ಬಾಗಿಲಲ್ಲಿ ನಡೆದುದನ್ನು ಕಂಡ ಸದಸ್ಯರು ಅದನ್ನು ಮರೆತಿರಲಾರರು. ಕಾಣದವರಿಗಾಗಿ ಬರೆಯುತ್ತಿದ್ದೇವೆ. ಘಟ್ಟದ ಮೇಲ್ಭಾಗದ ಹಿರಿಯರೊಬ್ಬರು, ನಲವತ್ತು ವರ್ಷಕ್ಕೂ ಮೀರಿ ಸಂಘದ ಸದಸ್ಯರಾಗಿರುವವರು, ಮೂರು ಎಕರೆ ರೋಬಸ್ಟಾ ಮತ್ತು ಒಂದಿಷ್ಟು ಅಡಿಕೆಯನ್ನು ನೆಚ್ಚಿಕೊಂಡವರು, ಬೆಳಗಿನ ಮೊದಲ ಬಸ್ಸಿಗೇ ಬಂದು ಸಹಿ ಹಾಕಲು ಮೇಜಿನ ಮುಂದೆ ನಿಂತರು. ಷೇರು ಸಂಖ್ಯೆ ಸರಿಯಾಗಿತ್ತು. ಸಂಖ್ಯೆಯ ಮುಂದೆ ಹೆಸರಿರಬೇಕಾದ ಜಾಗದಲ್ಲಿ ಮಾತ್ರ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಮುದ್ರಣವಾಗಿದ್ದವು. ಹೊಸದಾಗಿ ಸೇರಿದ ಗುಮಾಸ್ತನಿಗೆ ಅವರ ಮುಖಪರಿಚಯವಿಲ್ಲ. "ಪಟ್ಟಿಯಲ್ಲಿ ಹೆಸರಿಲ್ಲ, ಸ್ವಲ್ಪ ಪಕ್ಕಕ್ಕೆ ನಿಲ್ಲಿ" ಎಂದನು. ನಾವು ಓಡಿ ಬರುವಷ್ಟರಲ್ಲಿ ಅವರು ಆ ಹಾಳೆಯನ್ನು ಕೈಗೆತ್ತಿಕೊಂಡು ನೋಡುತ್ತಿದ್ದರು. "ಸೆಕ್ರೆಟ್ರಿಗಳೇ, ನಾನು ಯಾರು ಅಂತ ನಿಮ್ಮ ಮಿಷನ್ನು ನನ್ನನ್ನೇ ಕೇಳ್ತಾ ಇದೆಯಲ್ಲ" ಎಂದರು. ನಗುತ್ತಲೇ ಹೇಳಿದರು. ಆದರೆ ಸಭೆ ಮುಗಿದ ಮೇಲೆ ಊಟಕ್ಕೆ ನಿಲ್ಲಲಿಲ್ಲ.

ಆ ದಿನದ ಪಟ್ಟಿಯಲ್ಲಿ ಹೀಗೆ ಹೆಸರು ಕಳೆದುಕೊಂಡವರು 41 ಮಂದಿ. ಗಣಕಯಂತ್ರದ ಕೆಲಸವನ್ನು ವಹಿಸಿಕೊಂಡಿದ್ದ ಸಂಸ್ಥೆಯನ್ನು (ಹೆಸರು ಇಲ್ಲಿ ಬೇಡ) ವಿಚಾರಿಸಲಾಗಿ, "ಅದು ಫಾಂಟಿನ ತೊಂದರೆ ಸಾರ್, ಹೊಸ ಫಾಂಟ್ ಹಾಕಿದರೆ ಸರಿಹೋಗುತ್ತದೆ" ಎಂಬ ಉತ್ತರ ಬಂದಿತು. ಹೊಸ ಫಾಂಟ್ ಹಾಕಿಸಿದೆವು. ಪ್ರಶ್ನಾರ್ಥಕ ಚಿಹ್ನೆಗಳು ಮೊದಲಿಗಿಂತ ದುಂಡಗೆ ಕಾಣಿಸಿದವು, ಅಷ್ಟೆ.

ಈಗ ಆಡಳಿತ ಮಂಡಲಿಯ ಮುಂದೆ ಹೊಸ ತಂತ್ರಾಂಶದ ಪ್ರಸ್ತಾವವಿದೆ. ಎಲ್ಲ ಲೆಕ್ಕವನ್ನೂ ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವ ಕೆಲಸ ಮುಂದಿನ ಕೊಯ್ಲಿಗೆ ಮೊದಲು ಆಗಬೇಕಿದೆ. ಈ ಹೊತ್ತಿನಲ್ಲಿ ನಮ್ಮ ಅಭಿಪ್ರಾಯವನ್ನು ಸದಸ್ಯರ ಮುಂದೆ ಬಿಚ್ಚಿ ಇಡುವುದು ಕರ್ತವ್ಯವೆಂದು ಭಾವಿಸಿದ್ದೇವೆ. ವಿಷಯ ತುಸು ಒಣಗಲು. ಆದರೆ ಔಷಧಿ ಹೊಡೆಯುವ ಮೊದಲು ಸುಣ್ಣ ಎಷ್ಟು, ಮೈಲುತುತ್ತು ಎಷ್ಟು ಎಂದು ತಿಳಿಯದೆ ಯಾರೂ ಬೋರ್ಡೋ ದ್ರಾವಣ ಕಲಸುವುದಿಲ್ಲ. ಇದೂ ಅಂತಹುದೇ.

ನಮಗೆ ಇದನ್ನು ಬಿಡಿಸಿ ಹೇಳಿದವರು ಸದಸ್ಯರೊಬ್ಬರ ಮಗಳು. ಬೆಂಗಳೂರಿನಲ್ಲಿ ಇದೇ ಕಸುಬಿನಲ್ಲಿರುವವರು. ಕೊಯ್ಲಿನ ರಜೆಗೆ ಬಂದಿದ್ದಾಗ ಎರಡು ಸಂಜೆ ಸಂಘದ ಕಚೇರಿಯಲ್ಲಿ ಕುಳಿತು ಹುಡುಕಿ ಕೊಟ್ಟರು. ಕೆಳಗೆ ಬರೆದುದರಲ್ಲಿ ಸರಿಯಿದ್ದುದು ಅವರದು, ತಪ್ಪಿದ್ದರೆ ನಮ್ಮದು.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿಯೇ ಕ್ಯಾರೆಕ್ಟರ್ ಸೆಟ್. ಆ ಅಕ್ಷರಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವ ಎರಡನ್ನು ಒಂದೇ ಎಂದು ಎಣಿಸಬೇಕು ಎಂಬ ನಿಯಮ ಕೊಲೇಶನ್. ಮೊದಲನೆಯದು ಅಳತೆಯ ಸೇರಿದ್ದಂತೆ, ಎರಡನೆಯದು ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸುವ ಕ್ರಮವಿದ್ದಂತೆ. ಲೆಕ್ಕ ಇಡುವ ಡೇಟಾಬೇಸಿಗೆ ನಾವು ಏನನ್ನೂ ಹೇಳದಿದ್ದರೆ ಅದು ತನ್ನ ಹುಟ್ಟುಗುಣದ ಪಟ್ಟಿಯನ್ನೂ ನಿಯಮವನ್ನೂ ಹಿಡಿದು ಕೆಲಸ ಮಾಡುತ್ತದೆ. ಹೀಗೆ ಕೇಳದೆ ಬಂದ ಏರ್ಪಾಟಿಗೆ ಡಿಫಾಲ್ಟ್ ಎಂದು ಹೆಸರು.

ನಮ್ಮ ಸಂಘದ ಲೆಕ್ಕವಿರುವುದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ. ಇದು 1995ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿದುದು. ರೂಪಿಸಿದವರಲ್ಲಿ ಪ್ರಮುಖರಾದ ಮೈಕೆಲ್ ವಿಡೇನಿಯಸ್ ಅವರ ಮಗಳ ಹೆಸರಿನಲ್ಲಿರುವ 'ಮೈ' ಇದಕ್ಕೆ ಬಂದಿದೆ. ಆಮೇಲೆ ಇದರಿಂದಲೇ ಕವಲೊಡೆದ ಮಾರಿಯಾಡಿಬಿಗೆ ಕಿರಿಯ ಮಗಳ ಹೆಸರು. (ತೋಟಕ್ಕೆ ಮಗಳ ಹೆಸರಿಡುವ ನಮ್ಮವರಿಗೆ ಇದು ಹೊಸತೇನಲ್ಲ.) ಹುಟ್ಟಿದ ಮನೆಯ ಸಂಪ್ರದಾಯದಂತೆ ಅದರ ಡಿಫಾಲ್ಟ್ ಪಟ್ಟಿ ಪಶ್ಚಿಮ ಯೂರೋಪಿನ ಲಿಪಿಗಳ ಲ್ಯಾಟಿನ್-1, ಡಿಫಾಲ್ಟ್ ನಿಯಮ ಸ್ವೀಡಿಷ್ ಭಾಷೆಯದು. ಸ್ವೀಡಿಷ್ ವರ್ಣಮಾಲೆಯಲ್ಲಿ ತಲೆಯ ಮೇಲೆ ಉಂಗುರವಿರುವ 'ಎ', ಎರಡು ಚುಕ್ಕೆಯ 'ಎ', ಎರಡು ಚುಕ್ಕೆಯ 'ಓ' ಇವು 'ಝಡ್' ಆದ ಮೇಲೆ ಬರುತ್ತವೆ. ಎರಡು ಚುಕ್ಕೆಯ 'ಯು' ಅನ್ನು 'ವೈ' ಎಂದೇ ಎಣಿಸುತ್ತಾರೆ. 2018ರಲ್ಲಿ 8.0 ಆವೃತ್ತಿ ಬರುವವರೆಗೂ ಇದೇ ಡಿಫಾಲ್ಟ್ ಆಗಿತ್ತು. ಅಂದರೆ ಪಶ್ಚಿಮಘಟ್ಟದ ಕಾಫಿ ಬೆಳೆಗಾರರ ಹೆಸರುಗಳು ನಮ್ಮ ಅರಿವಿಗೇ ಬಾರದಂತೆ ವರ್ಷಗಟ್ಟಲೆ ಸ್ವೀಡನ್ನಿನ ವರ್ಣಮಾಲೆಯ ಆಳ್ವಿಕೆಯಲ್ಲಿದ್ದವು. ಮಾಡಿದವರನ್ನು ದೂರುವಂತಿಲ್ಲ. ಬದಲಿಸಿಕೊಳ್ಳುವ ದಾರಿಯನ್ನು ಅವರು ಮೊದಲಿನಿಂದ ಅಲ್ಲದಿದ್ದರೂ ಬಹಳ ಹಿಂದೆಯೇ ಕೊಟ್ಟಿದ್ದಾರೆ. ಬದಲಿಸಿಕೊಳ್ಳದೆ ಕುಳಿತವರು ನಾವು.

ಹಾಗಾದರೆ ಇಷ್ಟು ಕಾಲ ಹೆಸರುಗಳು ಸರಿಯಾಗಿ ಮುದ್ರಣವಾದದ್ದು ಹೇಗೆ ಎಂದು ಕೇಳಬಹುದು. ನಾವೂ ಕೇಳಿದೆವು. ಉತ್ತರ ಸ್ವಾರಸ್ಯವಾಗಿದೆ.

2009ರಲ್ಲಿ ಸಂಘ ಮೊದಲ ಗಣಕಯಂತ್ರ ತಂದಾಗ ಹೆಸರುಗಳನ್ನು ಟೈಪು ಮಾಡಿದ್ದು ಅಂದಿನ ಹಳೆಯ ಬಗೆಯ ಕನ್ನಡ ಫಾಂಟಿನಲ್ಲಿ. ಆ ಏರ್ಪಾಟಿನಲ್ಲಿ ಆಂಗ್ಲ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ರೂಪ ತೊಡಿಸಿರುತ್ತಿದ್ದರು. ಯಂತ್ರದ ಮಟ್ಟಿಗೆ ಅದು ಅರ್ಥವಿಲ್ಲದ ಆಂಗ್ಲವೇ. ಫಾಂಟು ಕಳಚಿದರೆ ವೇಷ ಕಳಚಿದಂತೆ. ಆದುದರಿಂದ ಲ್ಯಾಟಿನ್-1 ಪಟ್ಟಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಅಕಾರಾದಿಯಾಗಿ ಮುದ್ರಿಸಿದಾಗ ಮಾತ್ರ ಹೆಸರುಗಳು ದಿಕ್ಕಾಪಾಲಾಗಿ ಬರುತ್ತಿದ್ದವು. ಅದನ್ನು ಗುಮಾಸ್ತರು ಕೈಯಿಂದ ಸರಿಪಡಿಸಿ ಅಂಟಿಸುತ್ತಿದ್ದುದು ಹಳಬರಿಗೆ ನೆನಪಿರಬಹುದು.

ಆಮೇಲೆ ಯೂನಿಕೋಡ್ ಬಳಕೆಗೆ ಬಂದಿತು. 1991ರಲ್ಲಿ ಮೊದಲ ಆವೃತ್ತಿ ಕಂಡ ಈ ವಿಶ್ವಪಟ್ಟಿಯಲ್ಲಿ ಕನ್ನಡಕ್ಕೆಂದೇ 128 ಮನೆಗಳ ಪ್ರತ್ಯೇಕ ಕೇರಿಯಿದೆ. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ವಿಧಾನ ಯುಟಿಎಫ್-8. ಇದನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಇದರಲ್ಲಿ ಆಂಗ್ಲ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿಯೊಂದು ಗುರುತಿಗೆ ಮೂರು ಬೇಕು. ಗುರುತು ಎಂದರೆ ಇಡೀ ಅಕ್ಷರವಲ್ಲ. ಕಾಗುಣಿತದ ಚಿಹ್ನೆಗೂ ಒತ್ತಕ್ಷರ ಕೂಡಿಸುವ ಹಲಂತಕ್ಕೂ ಬೇರೆ ಬೇರೆ ಲೆಕ್ಕ.

ನಮ್ಮ ಹಳೆಯ ತಂತ್ರಾಂಶ ಏನು ಮಾಡುತ್ತಿತ್ತೆಂದರೆ, ಯುಟಿಎಫ್-8ರಲ್ಲಿ ಬರೆದ ಹೆಸರನ್ನು ಕೊಂಡೊಯ್ದು "ಇದು ಲ್ಯಾಟಿನ್-1" ಎಂದು ಸುಳ್ಳು ಹೇಳಿ ಡೇಟಾಬೇಸಿಗೆ ಒಪ್ಪಿಸುತ್ತಿತ್ತು. ಡೇಟಾಬೇಸು ನಂಬಿ ಬೈಟುಗಳನ್ನು ಹಾಗೆಯೇ ಇಟ್ಟುಕೊಳ್ಳುತ್ತಿತ್ತು. ಹಿಂದಕ್ಕೆ ಪಡೆಯುವಾಗಲೂ ಅದೇ ಸುಳ್ಳು. ಎರಡು ತಪ್ಪು ಸೇರಿ ಒಂದು ಸರಿಯಾಗಿ ತೆರೆಯ ಮೇಲೆ ಕನ್ನಡ ಕನ್ನಡವಾಗಿಯೇ ಕಾಣುತ್ತಿತ್ತು. ಪಾರ್ಚ್‌ಮೆಂಟ್ ಮೂಟೆಗೆ ಚೆರಿ ಎಂದು ಚೀಟಿ ಹಚ್ಚಿಟ್ಟರೂ, ಚೀಟಿ ಹಚ್ಚಿದವನೇ ಮೂಟೆ ಬಿಚ್ಚುವವರೆಗೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗದೆ ನಷ್ಟ ಮಾತ್ರ ಆಗುತ್ತಲೇ ಇತ್ತು. ಹೆಸರಿಗೆಂದು ಇಟ್ಟ ಅಂಕಣದ ಉದ್ದ 30. ಡೇಟಾಬೇಸಿನ ಪ್ರಕಾರ ಅದು 30 ಲ್ಯಾಟಿನ್ ಅಕ್ಷರ, ಅಂದರೆ 30 ಬೈಟ್. ಕನ್ನಡದ ಹತ್ತೇ ಗುರುತುಗಳಿಗೆ ಅದು ತುಂಬಿಹೋಗುತ್ತದೆ. 'ಕೃಷ್ಣಮೂರ್ತಿ' ಎಂಬ ಹೆಸರನ್ನು ಬಿಡಿಸಿ ಎಣಿಸಿದರೆ ಹನ್ನೊಂದು ಗುರುತು, 33 ಬೈಟ್. ಕೊನೆಯ ಗುಡಿಸು ಹೊರಗುಳಿದು ಯಂತ್ರದಲ್ಲಿ ಅವರೆಲ್ಲರೂ 'ಕೃಷ್ಣಮೂರ್ತ' ಆಗಿದ್ದರು. ನಾವು ಅದನ್ನು ಟೈಪಿಸುವ ಹುಡುಗಿಯ ಅಜಾಗರೂಕತೆ ಎಂದು ತಿಳಿದು ಒಮ್ಮೆ ಗದರಿದ್ದೂ ಉಂಟು. ಆಕೆ ಈಗ ಬೇರೆ ಕಡೆ ಕೆಲಸದಲ್ಲಿದ್ದಾರೆ. ಈ ಪತ್ರಿಕೆ ಅವರ ಕೈಗೆ ಸಿಕ್ಕರೆ, ತಪ್ಪು ಅವರದಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

2017ರಲ್ಲಿ ಕೌಂಟರಿಗೆ ಹೊಸ ನಮೂನೆ ಅಳವಡಿಸಿದರು. ಇದು ಸುಳ್ಳು ಹೇಳುವುದಿಲ್ಲ. "ನಾನು ಕೊಡುತ್ತಿರುವುದು ಯೂನಿಕೋಡ್" ಎಂದು ನಿಜವನ್ನೇ ಹೇಳಿತು. ಆದರೆ ಒಳಗಿನ ಕೋಷ್ಟಕ ಲ್ಯಾಟಿನ್-1 ಆಗಿಯೇ ಉಳಿದಿತ್ತು. ಡೇಟಾಬೇಸು ಪ್ರಾಮಾಣಿಕವಾಗಿ 'ಕ' ಎಂಬ ಅಕ್ಷರವನ್ನು ಲ್ಯಾಟಿನ್ ಪಟ್ಟಿಯಲ್ಲಿ ಹುಡುಕಿತು, ಸಿಗಲಿಲ್ಲ, ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದು ಮುಂದಕ್ಕೆ ಹೋಯಿತು. ಹೊಸ ನಮೂನೆಯಲ್ಲಿ ವಿಳಾಸ ತಿದ್ದಿಸಿಕೊಂಡವರ, ವಾರಸುದಾರರನ್ನು ಸೇರಿಸಿದವರ ಹೆಸರುಗಳೇ ಹೀಗೆ ಅಳಿಸಿಹೋದವು. ನಮ್ಮ ಹಿರಿಯರು ಮಾಡಿದ ತಪ್ಪೆಂದರೆ ಮಗನ ಮೊಬೈಲ್ ಸಂಖ್ಯೆಯನ್ನು ದಾಖಲಿಸಲು ಬಂದದ್ದು. 2015ರ ನಂತರದ ಮೈಎಸ್‌ಕ್ಯೂಎಲ್ ಆವೃತ್ತಿಗಳು ಇಂತಹ ಸಂದರ್ಭದಲ್ಲಿ ತಾವಾಗಿಯೇ ತಡೆದು "ಈ ಅಕ್ಷರ ಇಲ್ಲಿ ಹಿಡಿಸುವುದಿಲ್ಲ" ಎಂದು ನಿರಾಕರಿಸುತ್ತವೆ. ನಮ್ಮದು ಅದಕ್ಕಿಂತ ಹಳೆಯದು. ಮೂಟೆಯನ್ನು ಹಿಡಿಸದೆ ವಾಪಸು ಕಳಿಸುವ ಗೋದಾಮು, ರಸೀದಿ ಕೊಟ್ಟು ಕಾಳನ್ನು ಚರಂಡಿಗೆ ಸುರಿಯುವ ಗೋದಾಮಿಗಿಂತ ವಾಸಿ.

ಇಲ್ಲಿ ಸದಸ್ಯರು ಒಂದು ಭೇದವನ್ನು ತಿಳಿದಿರಬೇಕು. ಹೆಸರಿನ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ 'ಎ' ಅಕ್ಷರವೂ ಅದರ ಪಕ್ಕದಲ್ಲಿ ಪುಟಾಣಿ 2 ಅಥವಾ 3 ಅಂಕಿಯೂ ಮತ್ತೆ ಮತ್ತೆ ಬಂದಿದ್ದರೆ ಹೆದರಬೇಕಾಗಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಗುರುತೂ ಆ ಎರಡು ಬೈಟುಗಳಿಂದಲೇ ಆರಂಭವಾಗುತ್ತದೆ. ಕಾಳು ಮೂಟೆಯಲ್ಲೇ ಇದೆ, ಚೀಟಿ ಮಾತ್ರ ತಪ್ಪಾಗಿದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಮೂಟೆ ಬರಿದು. ಜಗತ್ತಿನ ಯಾವ ತಜ್ಞನೂ ಅದರೊಳಗಿಂದ ಹೆಸರನ್ನು ತೆಗೆದುಕೊಡಲಾರ.

ಮೊದಲ ಬಗೆಯದನ್ನು ಸರಿಪಡಿಸುವಲ್ಲಿಯೂ ಅಪಾಯವಿದೆ. ಲ್ಯಾಟಿನ್-1 ಕೋಷ್ಟಕವನ್ನು ಯೂನಿಕೋಡಿಗೆ ಪರಿವರ್ತಿಸು ಎಂದು ನೇರವಾಗಿ ಆಜ್ಞೆ ಕೊಟ್ಟರೆ ಡೇಟಾಬೇಸು ಚೀಟಿಯನ್ನು ನಂಬಿ ಆ ವಿಕಾರ ಅಕ್ಷರಗಳನ್ನೇ ಶ್ರದ್ಧೆಯಿಂದ ಯೂನಿಕೋಡಿಗೆ ತಿರುಗಿಸಿಬಿಡುತ್ತದೆ. ಒಣಗಿದ ಪಾರ್ಚ್‌ಮೆಂಟನ್ನು ಮತ್ತೆ ಪಲ್ಪರಿಗೆ ಸುರಿದಂತೆ. ಮೊದಲು ಅಂಕಣವನ್ನು 'ಇದು ಯಾವ ಲಿಪಿಯೂ ಅಲ್ಲ, ಬರೀ ಬೈಟು' ಎಂಬ ಸ್ಥಿತಿಗೆ ತಂದು, ಆಮೇಲೆ 'ಇದು ಯೂನಿಕೋಡ್' ಎಂದು ಹೆಸರಿಡಬೇಕು. ಹಾಗೆ ಮಾಡಿದರೆ ಬೈಟು ಅಲುಗುವುದಿಲ್ಲ, ಚೀಟಿ ಮಾತ್ರ ಬದಲಾಗುತ್ತದೆ. ನಮ್ಮ ಕೋಷ್ಟಕದಲ್ಲಿ ಹಳೆಯ ಫಾಂಟಿನವು, ಚೀಟಿ ತಪ್ಪಿದವು, ಬರಿದಾದವು ಎಂದು ಮೂರು ಬಗೆಯ ಹೆಸರುಗಳು ಬೆರೆತಿವೆ. ಮೂರನ್ನೂ ಬೇರ್ಪಡಿಸದೆ ಒಂದೇ ಆಜ್ಞೆಯಲ್ಲಿ ಮುಗಿಸುತ್ತೇವೆ ಎಂದು ಹೇಳುವ ಯಾವ ಸಂಸ್ಥೆಗೂ ಕೆಲಸ ಕೊಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ಡಿಫಾಲ್ಟ್ ಎಂಬುದರ ಸ್ವಭಾವ. ಅದು ಸರ್ವರಿಗೊಂದು, ಅದರೊಳಗಿನ ಡೇಟಾಬೇಸಿಗೊಂದು, ಡೇಟಾಬೇಸಿನೊಳಗಿನ ಕೋಷ್ಟಕಕ್ಕೊಂದು, ಕೋಷ್ಟಕದ ಪ್ರತಿ ಅಂಕಣಕ್ಕೊಂದು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ಆದರೆ ಇಳಿಯುವುದು ಹುಟ್ಟುವ ಗಳಿಗೆಯಲ್ಲಿ ಮಾತ್ರ. ಪಾಲುಪಟ್ಟಿ ಆದ ಮೇಲೆ ತಂದೆ ತನ್ನ ಪಾಲಿನ ಬಗ್ಗೆ ಏನೇ ಬರೆದರೂ ಮಗನ ಪಹಣಿ ಬದಲಾಗುವುದಿಲ್ಲವಷ್ಟೆ? ಹಾಗೆಯೇ ಇಂದು ಡೇಟಾಬೇಸಿನ ಡಿಫಾಲ್ಟ್ ಬದಲಿಸಿದರೆ ನಾಳೆ ಹುಟ್ಟುವ ಕೋಷ್ಟಕಗಳಿಗೆ ಅದು ಅನ್ವಯ, ನಿನ್ನೆಯವಕ್ಕೆ ಅಲ್ಲ. ಕೋಷ್ಟಕದ ಡಿಫಾಲ್ಟ್ ಬದಲಿಸಿದರೂ ಹಳೆಯ ಅಂಕಣಗಳು ಹಳೆಯ ಲಿಪಿಯಲ್ಲೇ ಇರುತ್ತವೆ. ಸಂಸ್ಥೆಯವರು ಒಮ್ಮೆ ಬಂದು "ಎಲ್ಲ ಯೂನಿಕೋಡ್ ಮಾಡಿದ್ದೇವೆ" ಎಂದು ಹೇಳಿ ಬಿಲ್ಲು ಕೊಟ್ಟು ಹೋದರಲ್ಲ, ಅವರು ಮಾಡಿದ್ದು ಇಷ್ಟೇ: ತಂದೆಯ ಕಾಗದವನ್ನು ತಿದ್ದಿದ್ದರು. ಪರಿಣಾಮವಾಗಿ ಆಮೇಲೆ ಸೃಷ್ಟಿಯಾದ ಸಾಲದ ಕೋಷ್ಟಕ ಒಂದು ಲಿಪಿನಿಯಮದಲ್ಲಿ, ಹಿಂದಿನ ಷೇರು ಕೋಷ್ಟಕ ಇನ್ನೊಂದರಲ್ಲಿ. ಎರಡನ್ನೂ ಹೆಸರಿನ ಮೇಲೆ ಜೋಡಿಸಲು ಹೋದಾಗ ನಿಯಮಗಳ ಬೆರಕೆ ಸಲ್ಲದೆಂದು ಡೇಟಾಬೇಸು ಹಟ ಹಿಡಿಯಿತು, ಮಾರ್ಚ್ ಲೆಕ್ಕ ಮುಗಿಯಲು ಹದಿನೈದು ದಿನ ತಡವಾಯಿತು. ಹೆಸರಿನ ಬದಲು ಸದಸ್ಯತ್ವ ಸಂಖ್ಯೆಯ ಮೇಲೆ ಜೋಡಿಸಿದ್ದರೆ ಆ ಜಗಳವೇ ಇರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಅಕಾರಾದಿಯ ಮಾತು. ಯೂನಿಕೋಡಿನ ಸಂಖ್ಯೆಯ ಕ್ರಮದಲ್ಲಿ 'ಳ' ಬರುವುದು 'ಲ' ಆದ ಕೂಡಲೇ, 'ವ'ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು 'ಹ' ಆದ ಮೇಲೆ. ಬರಿಯ ಸಂಖ್ಯೆಯಂತೆ ಜೋಡಿಸುವ ನಿಯಮವಿದ್ದರೆ 'ಕಳಸ' ಮೊದಲು, 'ಕಸಬಾ' ಆಮೇಲೆ. ಶಾಲೆಯಲ್ಲಿ ನಾವು ಕಲಿತಂತೆ 'ಕಸಬಾ' ಮೊದಲು. ಇದು ಸಣ್ಣ ಮಾತೆಂದು ತೋರಬಹುದು. ಆದರೆ ಗೋಡೆಗೆ ಹಚ್ಚಿದ ಮತದಾರರ ಪಟ್ಟಿಯಲ್ಲಿ ತನ್ನ ಹೆಸರು ಇರಬೇಕಾದ ಕಡೆ ಬೆರಳಾಡಿಸಿ, ಕಾಣದೆ, "ಈ ಸಲ ನನ್ನನ್ನು ಬಿಟ್ಟಿದ್ದಾರೆ" ಎಂದು ಹಿಂದಿರುಗಿದವರು ನಮಗೆ ಗೊತ್ತು.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿ: 'ಹಿಲ್‌ವ್ಯೂ ಎಸ್ಟೇಟ್' ಎಂದು ಬರೆಯುವಾಗ 'ಲ್' ಮತ್ತು 'ವ್ಯೂ' ಕೂಡಿಕೊಳ್ಳದಂತೆ ನಡುವೆ ಒಂದು ಅದೃಶ್ಯ ಗುರುತು ಹಾಕುತ್ತಾರೆ. ಒಬ್ಬ ಗುಮಾಸ್ತ ಹಾಕಿ, ಇನ್ನೊಬ್ಬ ಹಾಕದೆ ಬರೆದರೆ ಬೈಟು ಬೈಟು ಹೋಲಿಸುವ ನಿಯಮಕ್ಕೆ ಅವು ಎರಡು ಬೇರೆ ತೋಟಗಳು. 'ಕೊ', 'ಕೋ' ಮುಂತಾದವನ್ನೂ ಒಳಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆದಿಡಲು ಸಾಧ್ಯ. ಹೊರಗೆ ರೂಪ ಒಂದೇ. ಆದುದರಿಂದ ಕೊಲೇಶನ್ ಆರಿಸುವ ಮೊದಲು ನಮ್ಮದೇ ಸದಸ್ಯರ ಐವತ್ತು ಹೆಸರು, ನಮ್ಮದೇ ಐವತ್ತು ಊರುಗಳನ್ನು ಕೊಟ್ಟು ಜೋಡಿಸಿ ತೋರಿಸಿರೆಂದು ಕೇಳಬೇಕು.

ಮಂಡಲಿಯ ಕೆಲವು ಮಿತ್ರರ ವಾದ ಬೇರೆಯಿದೆ. ಇಷ್ಟೆಲ್ಲ ರಗಳೆ ಏಕೆ, ಹೆಸರುಗಳನ್ನು ಇಂಗ್ಲಿಷಿನಲ್ಲೇ ಇಟ್ಟುಬಿಡೋಣ, ಬ್ಯಾಂಕಿನವರೂ ಅದನ್ನೇ ಕೇಳುತ್ತಾರೆ ಎನ್ನುತ್ತಾರೆ. ಅವರ ಕಾಳಜಿಯನ್ನು ಗೌರವಿಸುತ್ತಲೇ ನಾವು ಒಪ್ಪುವುದಿಲ್ಲ. ಸದಸ್ಯನ ಪಹಣಿ ಕನ್ನಡದಲ್ಲಿದೆ, ಷೇರು ಪುಸ್ತಕ ಕನ್ನಡದಲ್ಲಿದೆ, ಆತ ಸಹಿ ಮಾಡುವುದು ಕನ್ನಡದಲ್ಲಿ. 'ಲಕ್ಷ್ಮೀನಾರಾಯಣ' ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕು ಮಂದಿ ನಾಲ್ಕು ಬಗೆಯಾಗಿ ಬರೆಯುತ್ತಾರೆ. ಆಗ ಪಹಣಿಯ ಹೆಸರಿಗೂ ನಮ್ಮ ಹೆಸರಿಗೂ ತಾಳೆಯಾಗದೆ ಸಹಾಯಧನದ ಅರ್ಜಿ ಹಿಂದಕ್ಕೆ ಬರುತ್ತದೆ. ಬ್ಯಾಂಕಿಗೆ ಬೇಕಾದ ಇಂಗ್ಲಿಷ್ ಹೆಸರಿಗೆ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ. ಮೂಲ ಕನ್ನಡವೇ ಆಗಿರಲಿ.

ಹೊಸ ಕರಾರಿನಲ್ಲಿ ಇಷ್ಟನ್ನು ಬರೆಸಿಕೊಳ್ಳಬೇಕೆಂದು ಮಂಡಲಿಯನ್ನು ಕೇಳಿದ್ದೇವೆ. ಸರ್ವರಿನಿಂದ ಅಂಕಣದವರೆಗೆ, ತಂತ್ರಾಂಶ ಡೇಟಾಬೇಸಿನೊಂದಿಗೆ ಮಾತನಾಡುವ ಸಂಪರ್ಕವೂ ಸೇರಿ, ಎಲ್ಲೆಡೆ ಯುಟಿಎಫ್8ಎಂಬಿ4 ಇರಬೇಕು. ಬರಿಯ 'ಯುಟಿಎಫ್8' ಎಂದು ಬರೆದರೆ ಸಾಲದು: ಮೈಎಸ್‌ಕ್ಯೂಎಲ್‌ನಲ್ಲಿ ಆ ಹೆಸರಿಗೆ ಮೂರು ಬೈಟಿನ ಮಿತಿಯಿದೆ. ಕನ್ನಡ ಅದರಲ್ಲಿ ಹಿಡಿಸುತ್ತದೆ ನಿಜ, ಆದರೆ ಸದಸ್ಯರು ಮೊಬೈಲಿನಿಂದ ಕಳಿಸುವ ದೂರಿನಲ್ಲಿ ಒಂದು ಕೈಮುಗಿದ ಚಿತ್ರವಿದ್ದರೂ ಅದು ನಾಲ್ಕು ಬೈಟು. ಕೊಲೇಶನ್ ಯಾವುದೆಂದು ಹೆಸರಿಸಿ ಬರೆಯಬೇಕು, ಎಲ್ಲ ಕೋಷ್ಟಕಕ್ಕೂ ಅದೊಂದೇ ಇರಬೇಕು, ಯಾವುದನ್ನೂ ಡಿಫಾಲ್ಟಿಗೆ ಬಿಡಬಾರದು. ಸಾಗಿಸುವ ಮೊದಲು ಹಳೆಯದರ ಪ್ರತಿ ತೆಗೆದು, ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ನಮ್ಮ ಕಣ್ಣೆದುರು ಹೆಸರು ಓದಿ ತೋರಿಸಬೇಕು. ಹಿಂದಿನ ಸಲ ಹಸ್ತಾಂತರ ಪತ್ರಕ್ಕೆ ಸಹಿ ಹಾಕಿದ್ದು ನಾವೇ, ಒಂದು ಕನ್ನಡ ಪುಟವನ್ನೂ ತೆರೆಸಿ ನೋಡದೆ ಹಾಕಿದ್ದು. ಇದಕ್ಕೆ ತಗಲುವ ಹೆಚ್ಚಿನ ಖರ್ಚನ್ನು ಕಡಿಮೆ ದರಪಟ್ಟಿಯವರೊಂದಿಗೆ ಹೋಲಿಸಿ ಆಕ್ಷೇಪಿಸುವವರು, ಮಾರ್ಚ್ ತಿಂಗಳ ಆ ಹದಿನೈದು ದಿನಗಳನ್ನೂ ಲೆಕ್ಕಕ್ಕೆ ಹಿಡಿಯಲಿ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ನಮ್ಮ ನೆರೆಯ ಸಂಘಗಳ ಕಾರ್ಯದರ್ಶಿಗಳೂ ಇದನ್ನು ಓದಿದರೆ ಒಳ್ಳೆಯದು.

ಬರಿದಾದ 41 ಹೆಸರುಗಳಲ್ಲಿ 35ನ್ನು ಹಿಂದಿನ ಕಾರ್ಯದರ್ಶಿಗಳು ಮಸಿ ಪೆನ್ನಿನಲ್ಲಿ ಬರೆದಿಟ್ಟ ಷೇರು ರಿಜಿಸ್ಟರಿನಿಂದ ಮರಳಿ ತುಂಬಿದ್ದೇವೆ. ಗೆದ್ದಲು ಹಿಡಿಯುತ್ತದೆಂದು ಆ ಪುಸ್ತಕವನ್ನು ಹೊರಗೆ ಹಾಕಲು ಹಿಂದೊಮ್ಮೆ ಠರಾವು ಆಗಿತ್ತು. ಅದೃಷ್ಟಕ್ಕೆ ಯಾರೂ ಜಾರಿಗೆ ತರಲಿಲ್ಲ. ಉಳಿದ ಆರು ಮಂದಿ ಆ ರಿಜಿಸ್ಟರು ನಿಂತ ಮೇಲೆ ಸೇರಿದವರು. ಅವರ ಷೇರು ಸಂಖ್ಯೆಗಳನ್ನು ಕಚೇರಿಯ ಫಲಕದಲ್ಲಿ ಹಾಕಿದ್ದೇವೆ. ದಯವಿಟ್ಟು ಷೇರು ಪುಸ್ತಕ ಮತ್ತು ಪಹಣಿಯ ಪ್ರತಿಯೊಂದಿಗೆ ಬಂದು, ತಮ್ಮ ಹೆಸರನ್ನು ತಾವೇ ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆದು ಕೊಡಬೇಕು. ಮೇಲ್ಭಾಗದ ಹಿರಿಯರ ಹೆಸರನ್ನು ತುಂಬಿದ ಹಾಳೆಯನ್ನು ನಾವೇ ತೆಗೆದುಕೊಂಡು ಹೋಗಿ ತೋರಿಸಿ ಬಂದೆವು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ತಂದೆಯ ಹೆಸರಿನಲ್ಲಿ ಒಂದು ದೀರ್ಘ ತಪ್ಪಿದೆ ಎಂದರು. ತಿದ್ದಿದ್ದೇವೆ.